ಐಸ್ ನೀರಲ್ಲಿ ಮುಖ ಮುಳುಗಿಸಿದರೆ ಎದೆಬಡಿತ ಸರಿಹೋಗುತ್ತದೆಯೇ? ನರಮಂಡಲಕ್ಕೂ ಏಟ್ರಿಯಲ್ ಫಿಬ್ರಿಲೇಷನ್‌ಗೂ ಇರುವ ನಂಟು

‘ಎದೆ ಡವಡವ ಅಂದರೆ ಆಸ್ಪತ್ರೆಗೆ ಓಡಬೇಡಿ. ಐಸ್ ನೀರಲ್ಲಿ ಮುಖ ಮುಳುಗಿಸಿ, ವೇಗಸ್ ನರ ಎಚ್ಚರವಾಗಿ ಹೃದಯ ತಾನಾಗಿಯೇ ಸರಿಹೋಗುತ್ತದೆ.’ ಇಂಥದ್ದೊಂದು ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಇದು ಪೂರ್ತಿ ಸುಳ್ಳಾಗಿದ್ದರೆ ಅಳಿಸಿ ಸುಮ್ಮನಾಗಬಹುದಿತ್ತು. ಅರ್ಧ ನಿಜ ಇರುವುದರಿಂದಲೇ ತೊಂದರೆ.

ಕೆಲವರಿಗೆ ಬಡಿತ ಇದ್ದಕ್ಕಿದ್ದಂತೆ ಏರಿ, ಗಡಿಯಾರದಷ್ಟು ಕ್ರಮಬದ್ಧವಾಗಿ ಓಡುತ್ತದೆ. ಇದನ್ನು ಎಸ್‌ವಿಟಿ ಎನ್ನುತ್ತಾರೆ. ವೇಗಸ್ ನರವನ್ನು ಕೆಣಕುವ ಉಪಾಯಗಳಿಂದ ಇದು ನಿಲ್ಲುವುದುಂಟು, ವೈದ್ಯರೂ ಅದನ್ನು ಬಳಸುತ್ತಾರೆ. ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ಎಎಫ್, ಬೇರೆಯೇ ದೋಷ. ಇದರಲ್ಲಿ ಹೃದಯದ ಮೇಲಿನ ಎರಡು ಕೋಣೆಗಳು ನಿಮಿಷಕ್ಕೆ 350ರಿಂದ 600 ಬಾರಿ ಅದುರುತ್ತವೆ, ನಾಡಿ ತಾಳವಿಲ್ಲದೆ ಬಡಿಯುತ್ತದೆ. ರಕ್ತನಾಳ ಕಟ್ಟಿಕೊಂಡು ಆಗುವ ಹೃದಯಾಘಾತವೂ ಇದಲ್ಲ. ಪುನೀತ್ ರಾಜ್‌ಕುಮಾರ್ ತೀರಿಕೊಂಡ 2021ರಲ್ಲಿ, ಮತ್ತೆ 2025ರಲ್ಲಿ ಹಾಸನದ ಸಾವುಗಳ ಸುದ್ದಿ ಹಬ್ಬಿದಾಗ ಜನ ಜಯದೇವ ಆಸ್ಪತ್ರೆಗೆ ಮುಗಿಬಿದ್ದರಲ್ಲ, ಆಗೆಲ್ಲ ಮಾತು ಇದ್ದದ್ದು ಹೃದಯಾಘಾತದ ಬಗ್ಗೆ. ಎಎಫ್ ಹೆಸರು ಕೇಳಿದವರೇ ಕಡಿಮೆ.

ಎಕ್ಸಿಲರೇಟರೂ ಕಾರಣ, ಬ್ರೇಕೂ ಕಾರಣ

ನಾವು ಬೇಕೆಂದು ನಡೆಸದ, ತಾನಾಗಿ ಕೆಲಸ ಮಾಡುವ ನರಗಳಲ್ಲಿ ಎರಡು ಪಂಗಡ. ಸಿಂಪಥೆಟಿಕ್ ನರಗಳು ಎಕ್ಸಿಲರೇಟರ್ ಇದ್ದಂತೆ. ಇಬ್ಬಲೂರು ಜಂಕ್ಷನ್ನಿನ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಾಗ, ಮ್ಯಾನೇಜರ್ ಕರೆ ಬಂದಾಗ ಬಡಿತ ಏರಿಸುವುದು ಇವೇ. ವೇಗಸ್ ನರ ಬ್ರೇಕ್. ಊಟವಾಗಿ ಮಲಗಿದಾಗ ಬಡಿತ ಇಳಿಸುವುದು ಅದು.

ಎಎಫ್ ಎಂದರೆ ಟೆನ್ಶನ್ ಕಾಯಿಲೆ, ಹಾಗಾಗಿ ಬ್ರೇಕ್ ಒತ್ತಿದರೆ ಸಾಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಫ್ರಾನ್ಸಿನ ವೈದ್ಯ ಫಿಲಿಪ್ ಕೂಮೆಲ್ 1970ರ ದಶಕದಲ್ಲೇ ಇದಕ್ಕೆ ಉಲ್ಟಾ ಕಾಣುವ ಸಂಗತಿ ಗುರುತಿಸಿದ್ದರು. ಕೆಲವರಿಗೆ ಎಎಫ್ ಬರುವುದು ಓಡಾಟದಲ್ಲಲ್ಲ, ರಾತ್ರಿ ನಿದ್ದೆಯಲ್ಲಿ ಅಥವಾ ಭರ್ಜರಿ ಊಟದ ನಂತರ. ವರ್ಷಗಟ್ಟಲೆ ಮ್ಯಾರಥಾನ್ ಓಡುವವರಲ್ಲೂ ಇದು ಕಾಣುತ್ತದೆ. ಅಂದರೆ ಬ್ರೇಕ್ ಬಲವಾಗಿರುವಾಗ.

ಕಾರಣ ಹೀಗಿದೆ. ಒಂದು ಸಲ ಮಿಡಿದ ಸ್ನಾಯುಕೋಶ ಮತ್ತೆ ಮಿಡಿಯುವ ಮೊದಲು ಕ್ಷಣಕಾಲ ವಿರಮಿಸಬೇಕು. ವೇಗಸ್ ನರ ಸುರಿಸುವ ಅಸಿಟೈಲ್‌ಕೋಲಿನ್ ಮೇಲಿನ ಕೋಣೆಗಳಲ್ಲಿ ಈ ವಿರಾಮವನ್ನು ಮೊಟಕುಗೊಳಿಸುತ್ತದೆ, ಅದೂ ಒಂದೊಂದು ಜಾಗದಲ್ಲಿ ಒಂದೊಂದು ಅಳತೆಯಲ್ಲಿ. ಆಗ ವಿದ್ಯುತ್ ಅಲೆ ನೇರ ಹೋಗುವ ಬದಲು ಸುತ್ತತೊಡಗುತ್ತದೆ. ಸಿಂಪಥೆಟಿಕ್ ನರ ಕೋಶದೊಳಗೆ ಕ್ಯಾಲ್ಸಿಯಂ ಹೆಚ್ಚಿಸಿ ಹೊತ್ತಲ್ಲದ ಹೊತ್ತಿನಲ್ಲಿ ಕಿಡಿ ಹಾರಿಸುತ್ತದೆ. ಒಂದು ಹುಲ್ಲು ಒಣಗಿಸಿತು, ಇನ್ನೊಂದು ಕಡ್ಡಿ ಗೀರಿತು ಅಂದುಕೊಳ್ಳಿ. ಎರಡೂ ಒಟ್ಟಿಗೆ ಕೆರಳಿದಾಗ ಅಪಾಯ ಜಾಸ್ತಿ.

ಸರ್ಜಾಪುರ ರಸ್ತೆಯ ಎಷ್ಟೋ ಮನೆಗಳ ಶುಕ್ರವಾರ ನೋಡಿ. ಅಮೆರಿಕದವರ ಜೊತೆ ತಡರಾತ್ರಿ ಕಾಲ್, ಮುಗಿದ ಮೇಲೆ ಬಿರಿಯಾನಿ, ಜೊತೆಗೆ ಎರಡು ಪೆಗ್, ಎರಡು ಗಂಟೆಗೆ ನಿದ್ದೆ. ಎಕ್ಸಿಲರೇಟರ್ ಮತ್ತು ಬ್ರೇಕ್ ಎರಡನ್ನೂ ಒಂದೇ ರಾತ್ರಿ ತುಳಿದಂತೆ! ವಾರಾಂತ್ಯದ ಕುಡಿತದ ನಂತರ ಬಡಿತ ತಪ್ಪುವುದಕ್ಕೆ ಅಮೆರಿಕದ ವೈದ್ಯರು 1978ರಲ್ಲೇ ‘ಹಾಲಿಡೇ ಹಾರ್ಟ್’ ಎಂದು ಹೆಸರಿಟ್ಟಿದ್ದಾರೆ. ಜೋರು ಗೊರಕೆಯ ನಡುವೆ ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾದಲ್ಲೂ ಎರಡೂ ನರಗಳು ರಾತ್ರಿಯಿಡೀ ಜಗ್ಗಾಡುತ್ತವೆ.

ಹಾಗಂತ ಎಲ್ಲವನ್ನೂ ನರದ ತಲೆಗೆ ಕಟ್ಟಬೇಡಿ. ಅಧಿಕ ರಕ್ತದೊತ್ತಡ, ಬೊಜ್ಜು, ಥೈರಾಯ್ಡ್ ದೊಡ್ಡ ಕಾರಣಗಳು. ನಮ್ಮ ದೇಶದಲ್ಲಿ ಬಾಲ್ಯದ ರುಮ್ಯಾಟಿಕ್ ಜ್ವರದಿಂದ ಹಾಳಾದ ಕವಾಟವೂ ಮುಖ್ಯ ಕಾರಣ.

ಐಸ್ ನೀರು ಕೆಲಸ ಮಾಡಿದಂತೆ ಕಾಣುವುದೇಕೆ?

ತಣ್ಣೀರು ತಾಗಿದಾಗ ವೇಗಸ್ ನರ ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವಿನ ಗೇಟನ್ನು ಸ್ವಲ್ಪ ಹೊತ್ತು ಬಿಗಿ ಮಾಡುತ್ತದೆ. ನಾಡಿ ನಿಧಾನವಾಗುತ್ತದೆ, ‘ಸರಿಹೋಯ್ತು’ ಅನ್ನಿಸುತ್ತದೆ. ಮೇಲೆ ಮಾತ್ರ ಅದುರಾಟ ನಡೆದೇ ಇರುತ್ತದೆ. ಇನ್ನೊಂದು, ಆರಂಭದ ಹಂತದ ಎಎಫ್ ಎಷ್ಟೋ ಸಲ ಕೆಲವು ಗಂಟೆಗಳಲ್ಲಿ ತಾನಾಗಿಯೇ ನಿಲ್ಲುತ್ತದೆ. ಆ ಹೊತ್ತಿನಲ್ಲಿ ಏನು ಮಾಡಿದ್ದರೂ ಶ್ರೇಯ ಅದಕ್ಕೇ! ವಯಸ್ಸಾದವರ ಕುತ್ತಿಗೆಯ ನಾಳ ಒತ್ತುವ ಉಪಾಯವನ್ನಂತೂ ಮನೆಯಲ್ಲಿ ಮಾಡಲೇಬೇಡಿ, ಅಲ್ಲಿರುವ ಕೊಬ್ಬಿನ ತುಣುಕು ಕಿತ್ತು ಮೆದುಳಿಗೆ ಹೋಗಬಹುದು.

ಇನ್ನು ನಿಜವಾದ ಅಪಾಯ. ಅದುರುವ ಕೋಣೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಮೆದುಳಿಗೆ ಹೋದರೆ ಪಾರ್ಶ್ವವಾಯು. ಎಎಫ್ ಇದ್ದವರಲ್ಲಿ ಈ ಅಪಾಯ ಸುಮಾರು 5 ಪಟ್ಟು. ಡವಡವ ನಿಂತ ಮಾತ್ರಕ್ಕೆ ಇದು ಹೋಗುವುದಿಲ್ಲ.

ಹಾಗಾಗಿ ಮೂರು ಬೆರಳು ಮಣಿಕಟ್ಟಿನ ಮೇಲಿಟ್ಟು ಒಂದು ನಿಮಿಷ ನಾಡಿ ನೋಡಿ. ಬಡಿತಗಳ ನಡುವಿನ ಅಂತರ ಒಂದಕ್ಕೊಂದು ಹೊಂದದಿದ್ದರೆ ಬಡಿತ ತಪ್ಪಿರುವಾಗಲೇ ಹತ್ತಿರದ ಕ್ಲಿನಿಕ್ಕಿನಲ್ಲಿ ಇಸಿಜಿ ಮಾಡಿಸಿ. ಸರ್ಜಾಪುರದಿಂದ ಬೊಮ್ಮಸಂದ್ರಕ್ಕೋ ಜಯನಗರಕ್ಕೋ ದೊಡ್ಡ ಆಸ್ಪತ್ರೆ ಹುಡುಕಿಕೊಂಡು ಹೋಗುವಷ್ಟರಲ್ಲಿ ಎಎಫ್ ನಿಂತು, ಇಸಿಜಿ ನಾರ್ಮಲ್ ಬಂದು, ‘ಗ್ಯಾಸ್ಟ್ರಿಕ್’ ಎಂದುಕೊಂಡು ವಾಪಸಾಗುವ ಸಾಧ್ಯತೆ ಇದೆ. ಆ ಇಸಿಜಿ ಕಾಗದವನ್ನು ಎಸೆಯಬೇಡಿ, ಮುಂದೆ ನೋಡುವ ವೈದ್ಯರಿಗೆ ಅದೇ ಸಾಕ್ಷಿ. ಎದೆನೋವು, ಉಸಿರಾಟದ ಕಷ್ಟ, ತಲೆಸುತ್ತಿ ಬೀಳುವುದು, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು ಕಂಡರೆ ಮಾತ್ರ ಕ್ಲಿನಿಕ್ ಬೇಡ, ನೇರ 108ಕ್ಕೆ ಕರೆ ಮಾಡಿ.

ಎಎಫ್ ಖಚಿತವಾದರೆ ಯಾರಿಗೆ ರಕ್ತ ತೆಳುವಾಗಿಸುವ ಮಾತ್ರೆ ಬೇಕೆಂದು ವೈದ್ಯರು ವಯಸ್ಸು, ಬಿಪಿ, ಶುಗರ್ ನೋಡಿ ಹೇಳುತ್ತಾರೆ. ಮನೆಯಲ್ಲಿರುವ ಆಸ್ಪಿರಿನ್ ಆ ಕೆಲಸಕ್ಕೆ ಸಾಲದು. ರುಮ್ಯಾಟಿಕ್ ಜ್ವರದಿಂದ ಮಿಟ್ರಲ್ ಕವಾಟ ಕಿರಿದಾಗಿದ್ದರೆ ಹೊಸ ಮಾತ್ರೆಗಳಿಗಿಂತ ಹಳೆಯ ವಾರ್ಫರಿನ್ನೇ ಸೂಕ್ತ, ಅದಕ್ಕೆ ಆಗಾಗ ರಕ್ತಪರೀಕ್ಷೆ ಮಾಡಿಸುತ್ತಿರಬೇಕು.