ಬಾಲ್ಕನಿಯ ಅಳತೆ ಮತ್ತು ಆಧಾರ

ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯಲ್ಲಿ ಫಾಲ್ಗುಣ ಮಾಸದಲ್ಲಿ ಗುರು ತಿಪ್ಪೇರುದ್ರಸ್ವಾಮಿಯವರ ರಥೋತ್ಸವ ಜರುಗುವುದನ್ನು ತಾವೆಲ್ಲರೂ ಬಲ್ಲಿರಿ. ತೇರು ಸಾಗುವ ಊರಿನಲ್ಲಿ, ಮಹಡಿಯುಳ್ಳವರ ಬಾಲ್ಕನಿಗೆ ಅಂದು ನೆಂಟರಿಷ್ಟರೆಲ್ಲ ಬಂದು ಸೇರುವುದು ಸಹಜ. ಎಂದಿನ ದಿನ ಬಟ್ಟೆ ಒಣಗುವ ಎಡೆ ಅಂದು ಜನರ ಭಾರವನ್ನು ಹೊರಬೇಕು. ಬಾಲ್ಕನಿಯ ಅಳತೆಯನ್ನು ನಿಶ್ಚಯಿಸುವವರು ಇಂತಹ ದಿನವನ್ನೇ ನೆನೆಯುವುದು ಯುಕ್ತ.

ಹಿಂದಿನ ಮನೆಗಳ ಜಗಲಿಗೆ ನೆಲವೇ ಆಧಾರ. ಚಾಚಿದ ಬಾಲ್ಕನಿಗಾದರೋ ಕೆಳಗೆ ಆಸರೆಯಿಲ್ಲ. ಅದರ ಬುಡ ಮಾತ್ರ ಮನೆಯನ್ನು ಹಿಡಿದಿರುತ್ತದೆ. ಭಾರವು ಸಮನಾಗಿ ಹರಡಿರುವಾಗ, ಚಾಚು ಇಮ್ಮಡಿಯಾದರೆ ಬುಡವನ್ನು ಬಾಗಿಸುವ ಬಲವು ನಾಲ್ಮಡಿಯಾಗುವುದು. ಎರಡಡಿಗೆಂದು ಲೆಕ್ಕ ಹಾಕಿದುದನ್ನು ಕಟ್ಟುವಾಗ ನಾಲ್ಕಡಿಗೆ ಬೆಳೆಸುವುದು ಎಷ್ಟು ಅಪಾಯಕರವೆಂಬುದು ಇದರಿಂದ ತಿಳಿಯುವುದು.

1987ರ ಭಾರತೀಯ ಮಾನಕವು ವಾಸದ ಕೋಣೆಗೆ ಚದರ ಮೀಟರಿಗೆ ಸುಮಾರು 200 ಕಿಲೋಗ್ರಾಂ ಭಾರವನ್ನೂ, ಬಾಲ್ಕನಿಗೆ ಸುಮಾರು 300 ಕಿಲೋಗ್ರಾಂ ಭಾರವನ್ನೂ ಲೆಕ್ಕಕ್ಕೆ ಹಿಡಿಯಿತು. ಅರವತ್ತು ಕಿಲೋ ತೂಕದ ಐವರು ಒಂದು ಚದರ ಮೀಟರಿನಲ್ಲಿ ಒತ್ತಿ ನಿಂತರೆ ಆ 300 ಪೂರ್ತಿಯಾಯಿತು. ಅಲ್ಲದೆ, ತೇರು ನೋಡುವವರು ನಿಲ್ಲುವುದು ಹೊರಅಂಚಿನಲ್ಲಿಯೇ. ಅಲ್ಲಿಯ ಭಾರವೇ ಬುಡವನ್ನು ಹೆಚ್ಚಾಗಿ ಜಗ್ಗುವುದು.

ಗೋಡೆಯಿಂದ ಗೋಡೆಗೆ ಹಾಯ್ದ ತಾರಸಿಯ ನಡುವೆ ಮುಖ್ಯ ಕಂಬಿಗಳು ಕೆಳಭಾಗದಲ್ಲಿರುತ್ತವೆ. ಬಾಲ್ಕನಿಯಲ್ಲಿ ಅವು ಮೇಲ್ಭಾಗದಲ್ಲಿರಬೇಕು, ಒಳಗಣ ತಾರಸಿಯೊಳಕ್ಕೂ ಸಾಕಷ್ಟು ದೂರ ಹೋಗಿರಬೇಕು. ಕಾಂಕ್ರೀಟು ಹಾಕುವಾಗ ಕಾಲ್ತುಳಿತಕ್ಕೆ ಅವು ಕೆಳಗಿಳಿದರೆ, ನಕ್ಷೆಯು ನಿರ್ದೋಷವಾಗಿದ್ದರೂ ಬಾಲ್ಕನಿ ಬಿದ್ದೀತು.

ಇನ್ನು ನಿಯಮಗಳ ಮಾತು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಕಟಾಂಜನದ ಎತ್ತರವು ಒಂದು ಮೀಟರಿಗೆ ಕಡಮೆಯಿರಬಾರದು. ಈ ಸಂಹಿತೆಯು ಮಾರ್ಗದರ್ಶಿ. ಸ್ಥಳೀಯ ನಿಯಮಗಳಲ್ಲಿ ಸೇರಿದಾಗಲೇ ಅದು ಕಡ್ಡಾಯವಾಗುವುದು. ಚಾಚಿನ ಮಿತಿಯು ಊರಿಂದೂರಿಗೆ ಬೇರೆ. ಬೆಂಗಳೂರಿಗಾಗಿ 2007ರಲ್ಲಿ ಒಪ್ಪಿಗೆ ಪಡೆದ ವಲಯ ನಿಯಮಗಳು, ಮನೆಯ ಆ ಬದಿಯಲ್ಲಿ ಬಿಟ್ಟ ತೆರಪಿನ ಮೂರನೆಯ ಒಂದು ಪಾಲಿಗೆ ಚಾಚನ್ನು ಮಿತಗೊಳಿಸಿದುವು. ಅದರಲ್ಲಿಯೂ ಮೊದಲನೆಯ ಮಹಡಿಗೆ 1.1 ಮೀಟರು, ಅದರ ಮೇಲಣ ಮಹಡಿಗಳಿಗೆ 1.75 ಮೀಟರು ಪರಮಾವಧಿ. ಮೂರು ಮೀಟರು ತೆರಪಿದ್ದರೆ ಒಂದು ಮೀಟರಿನ ಬಾಲ್ಕನಿ; ಒಂದೂವರೆ ಮೀಟರಿದ್ದರೆ ಅರ್ಧ ಮೀಟರು ಮಾತ್ರ. ಗಾಳಿ ಬೆಳಕುಗಳು ನೆರೆಯವರಿಗೂ ಸಲ್ಲಬೇಕೆಂಬುದೇ ಇದರ ಇಂಗಿತ.

ನಾಯಕನಹಟ್ಟಿಯಂತಹ ಊರಿನಲ್ಲಿ ಮನೆ ಕಟ್ಟುವವರು ಬೆಂಗಳೂರಿನ ಅಳತೆಯನ್ನು ತಂದಿಡದೆ, ತಮ್ಮ ಪಟ್ಟಣ ಪಂಚಾಯಿತಿಯಲ್ಲಿ ವಿಚಾರಿಸಿ ನಕ್ಷೆಗೆ ಮಂಜೂರಾತಿ ಪಡೆಯಬೇಕು. ಕಾಂಕ್ರೀಟು ಬಿದ್ದ ಮೇಲೆ ಕಂಬಿ ಕಾಣಿಸದು. ಆದುದರಿಂದ ಅದಕ್ಕೆ ಮುಂಚೆಯೇ ಇಂಜಿನಿಯರರನ್ನು ಕರೆದು ಕಂಬಿಗಳನ್ನು ತೋರಿಸಬೇಕು. ಮಂಜೂರಾತಿಯ ಕಾಗದವು ಚಾಚಿನ ಉದ್ದವನ್ನು ಹೇಳೀತು. ಆ ಚಾಚಿನ ಮೇಲೆ ಮಕ್ಕಳನ್ನು ನಿಲ್ಲಿಸಬಹುದೆ ಎಂಬುದನ್ನು ತಿಳಿಸುವುದು ಆ ಒಂದು ತನಿಖೆಯೇ.