ಅಂತರಂಗದ ಕಿಡಿ ಮತ್ತು ಮನೋನಾಟಕ

ಮಕ್ಕಳ ಆಟವನ್ನು ನಾವು ಹಗುರವಾಗಿ ಕಾಣುವುದುಂಟು. ಆದರೆ ಮನೋಚಿಕಿತ್ಸೆಯ ಒಂದು ಹೊಸ ಮಾರ್ಗದ ಬೀಜವು ಅಂತಹ ಆಟವೊಂದರಲ್ಲಿಯೇ ಅಡಗಿತ್ತು.

ಮನೋನಾಟಕದ ಪ್ರವರ್ತಕರಾದ ಜೇಕಬ್ ಲೆವಿ ಮೊರೆನೊ ಅವರು 1889ರಲ್ಲಿ ರುಮೇನಿಯದ ಬುಖಾರೆಸ್ಟ್ ನಗರದ ಯೆಹೂದಿ ಮನೆತನದಲ್ಲಿ ಜನಿಸಿದರು. ಬಾಲ್ಯದ ಘಟನೆಯೊಂದನ್ನು ಅವರೇ ಹೇಳಿಕೊಂಡಿದ್ದಾರೆ. ನೆರೆಮನೆಯ ಮಕ್ಕಳೊಡನೆ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ, ತುದಿಯಲ್ಲಿ ತಾವು ದೇವರಾಗಿ ಕುಳಿತರು, ಉಳಿದವರು ದೇವದೂತರಾದರು. ‘ನೀನೇಕೆ ಹಾರುವುದಿಲ್ಲ?’ ಎಂದು ಒಬ್ಬರು ಕೇಳಿದರು. ‘ದೇವರು’ ಕೈಚಾಚಿ ಹಾರಲೆತ್ನಿಸಿ, ಬಿದ್ದು ಬಲಗೈ ಮುರಿದುಕೊಂಡರು.

ಮುರಿದ ಕೈ ಕೂಡಿಕೊಂಡಿತು. ಆದರೆ ಮನುಷ್ಯನಲ್ಲಿ ದೈವಾಂಶವು ನೆಲೆಸಿರುವುದೆಲ್ಲಿ ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ.

ಯೆಹೂದಿ ಅನುಭಾವ ಪರಂಪರೆಯಾದ ಕಬ್ಬಾಲವು ಇದನ್ನು ಆಳವಾಗಿ ಚಿಂತಿಸಿದೆ. 16ನೆಯ ಶತಮಾನದಲ್ಲಿ ಸಫೇದ್ ಪಟ್ಟಣದಲ್ಲಿ ಬೋಧಿಸಿದ ಐಸಾಕ್ ಲೂರಿಯಾ ಅವರ ತತ್ತ್ವದಂತೆ, ಸೃಷ್ಟಿಯ ಆದಿಯಲ್ಲಿ ದಿವ್ಯಪ್ರಕಾಶವನ್ನು ಧರಿಸಿದ್ದ ಪಾತ್ರೆಗಳು ಒಡೆದು, ಅದರ ಕಿಡಿಗಳು ಜಗತ್ತಿನಲ್ಲೆಲ್ಲ ಚೆದುರಿದವು. ಅವುಗಳನ್ನು ಮೇಲೆತ್ತುವುದೇ ಮಾನವನ ಕರ್ತವ್ಯ. 18ನೆಯ ಶತಮಾನದಲ್ಲಿ ಪೂರ್ವ ಯೂರೋಪಿನಲ್ಲಿ ಬೆಳೆದ ಹಸಿದಿ ಪಂಥವು ಈ ತತ್ತ್ವವನ್ನು ಸಾಮಾನ್ಯರ ನಿತ್ಯದ ಬದುಕಿಗೆ ತಂದಿತು. ಹಾಡು ಕುಣಿತಗಳಲ್ಲಿಯೂ ಭಗವದಾರಾಧನೆಯನ್ನು ಕಂಡಿತು.

ವಿಯೆನ್ನಾದಲ್ಲಿ ವೈದ್ಯ ವಿದ್ಯಾರ್ಥಿಯಾಗಿದ್ದ ಮೊರೆನೊ ಅವರು ಉದ್ಯಾನದಲ್ಲಿ ಮಕ್ಕಳಿಗೆ ಕಥೆ ಹೇಳಿ ಆಡಿಸುತ್ತಿದ್ದರು. ಆ ಮಕ್ಕಳಲ್ಲಿ ಕಂಡ ಸ್ವಯಂಸ್ಫೂರ್ತಿಯೇ ಅವರ ಪಾಲಿಗೆ ದೈವಾಂಶದ ಗುರುತಾಯಿತು. ಫ್ರೆಂಚ್ ದಾರ್ಶನಿಕ ಹೆನ್ರಿ ಬರ್ಗ್‌ಸನ್ 1907ರಲ್ಲಿ ಮಂಡಿಸಿದ ಸೃಜನಶೀಲ ವಿಕಾಸದ ವಿಚಾರವೂ ಇದಕ್ಕೆ ಇಂಬು ನೀಡಿತು. ಸೃಷ್ಟಿ ಮುಗಿಸಿ ವಿಶ್ರಮಿಸುವ ದೇವರಿಗಿಂತ, ಸೃಷ್ಟಿಸುತ್ತಲೇ ಇರುವ ದೇವರು ಅವರಿಗೆ ಹತ್ತಿರವಾದನು.

1921ರಲ್ಲಿ ವಿಯೆನ್ನಾದ ರಂಗದಲ್ಲಿ ಅವರ ಪ್ರಯೋಗ ಮೊದಲಾಯಿತು. 1925ರಲ್ಲಿ ಅಮೆರಿಕಕ್ಕೆ ತೆರಳಿ, 1936ರಲ್ಲಿ ನ್ಯೂಯಾರ್ಕ್ ರಾಜ್ಯದ ಬೀಕನ್ ಊರಿನಲ್ಲಿ ಚಿಕಿತ್ಸಾಲಯವನ್ನು ತೆರೆದರು. ಮನೋನಾಟಕದಲ್ಲಿ ಬರೆದಿಟ್ಟ ಮಾತುಗಳಿಲ್ಲ. ನೊಂದವರು ತಮ್ಮ ಬಾಳಿನ ಪ್ರಸಂಗವನ್ನೇ ಅಭಿನಯಿಸುತ್ತಾರೆ. ತಂದೆಯ ಮೇಲೆ ಮುನಿದ ಮಗನು ಸ್ಥಾನ ಬದಲಿಸಿ ತಾನೇ ತಂದೆಯಾಗಿ ನಿಂತು ಮಾತನಾಡುತ್ತಾನೆ. ತನ್ನ ಮಾತು ಎದುರಿನವರ ಕಿವಿಗೆ ಹೇಗೆ ಕೇಳಿಸಿತೆಂಬುದು ಅವನಿಗೆ ಆಗ ಅರಿವಾಗುತ್ತದೆ.

ಅಂದು ಎತ್ತರದಲ್ಲಿ ಒಂಟಿಯಾಗಿ ಕುಳಿತ ಬಾಲಕನು ಬಿದ್ದನು. ಮುಂದೆ ಅವನೇ ಕಟ್ಟಿದ ರಂಗದಲ್ಲಿ ಯಾರೂ ಒಂಟಿಯಲ್ಲ. ಒಬ್ಬರ ಕಣ್ಣಿನಿಂದ ಮತ್ತೊಬ್ಬರು ನೋಡಿದಾಗ ಅಂತರಂಗದ ಕಿಡಿ ಬೆಳಗುತ್ತದೆ. ನಮ್ಮ ಮನೆಗಳಲ್ಲಿ ಮುನಿಸು ಮೂಡಿದಾಗ, ಎದುರಿನವರ ಸ್ಥಾನದಲ್ಲಿ ಕ್ಷಣಕಾಲ ನಿಂತು ನೋಡೋಣವೇ?