ವ್ಯಕ್ತಿವಾದವೆಂದರೆ ಸ್ವಾರ್ಥವೇ? ಥೋರೋ ಎಂಬ ಮೇಷ್ಟ್ರ ಉದಾಹರಣೆ

ಈ ಸಲದ ಬೋಧನಾಭ್ಯಾಸದಲ್ಲಿ ಇಂಗ್ಲಿಷ್ ವಿಷಯದ ಪ್ರಶಿಕ್ಷಣಾರ್ಥಿಯೊಬ್ಬರು ಥೋರೋ ಕುರಿತ ಪಾಠಕ್ಕೆ ಪೀಠಿಕೆ ಹಾಕುತ್ತಾ ಕಪ್ಪುಹಲಗೆಯ ಮೇಲೆ ‘ವ್ಯಕ್ತಿವಾದ: ತನ್ನ ಹಿತವೇ ಮುಖ್ಯ ಎನ್ನುವ ಅಮೆರಿಕದ ವಿಚಾರ’ ಎಂದು ಬರೆದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಅದು ಸ್ವಾರ್ಥ ಅಲ್ವಾ ಸರ್? ಅದನ್ನ ಯಾಕೆ ಪಾಠ ಮಾಡ್ತೀರಿ?” ಎಂದು ಕೇಳಿದಳು. “ಆಮೇಲೆ ಹೇಳ್ತೀನಿ” ಎಂದು ಅವರು ಮುಂದೆ ಹೋದರು. ಗಂಟೆ ಹೊಡೆಯಿತು, ಆ ‘ಆಮೇಲೆ’ ಬರಲೇ ಇಲ್ಲ. ವೀಕ್ಷಣಾ ಪುಸ್ತಕದಲ್ಲಿ ನಾನು ಬರೆದ ಎರಡು ಸಾಲು ಆ ಪ್ರಶ್ನೆಗೆ ಸಾಲದು, ಅದಕ್ಕೇ ಈ ಬರಹ.

ಹುಡುಗಿಯ ಅನುಮಾನ ಹೊಸದಲ್ಲ. ಫ್ರಾನ್ಸಿನ ತೋಕ್ವಿಲ್ 1831ರಲ್ಲಿ ಅಮೆರಿಕಕ್ಕೆ ಹೋಗಿ ಸುಮಾರು ಒಂಬತ್ತು ತಿಂಗಳು ಸುತ್ತಾಡಿದ. 1840ರಲ್ಲಿ ಬಂದ ತನ್ನ ಗ್ರಂಥದ ಎರಡನೆಯ ಭಾಗದಲ್ಲಿ ಅವನು ಸ್ವಾರ್ಥವನ್ನೂ ವ್ಯಕ್ತಿವಾದವನ್ನೂ ಬೇರೆ ಮಾಡಿ ತೋರಿಸಿದ. ಸ್ವಾರ್ಥ ಲೋಕದಷ್ಟೇ ಹಳೆಯದು. ವ್ಯಕ್ತಿವಾದ ಪ್ರಜಾಪ್ರಭುತ್ವದಲ್ಲಿ ಹುಟ್ಟಿದ್ದು: ಮನುಷ್ಯ ತನ್ನ ಮನೆ, ತನ್ನ ಸ್ನೇಹಿತರು ಎಂಬ ಸಣ್ಣ ಬಳಗದೊಳಗೆ ಸೇರಿಕೊಂಡು ದೊಡ್ಡ ಸಮಾಜವನ್ನು ಅದರ ಪಾಡಿಗೆ ಬಿಟ್ಟುಬಿಡುತ್ತಾನೆ. ಇದು ಕೊನೆಗೆ ಸ್ವಾರ್ಥಕ್ಕೇ ಇಳಿಯಬಹುದೆಂಬ ಭಯ ತೋಕ್ವಿಲ್‌ನಿಗೂ ಇತ್ತು. ಅಂದರೆ ಅವನ ಬಾಯಲ್ಲಿ ಅದು ಹೊಗಳಿಕೆಯ ಮಾತಲ್ಲ.

ಮರುವರ್ಷ, 1841ರಲ್ಲಿ, ಎಮರ್ಸನ್‌ನ ‘ಸೆಲ್ಫ್ ರಿಲಯನ್ಸ್’ ಪ್ರಬಂಧ ಪ್ರಕಟವಾಯಿತು. ಅಲ್ಲಿ ಒತ್ತು ಬೇರೆ ಕಡೆಗಿದೆ. ಎಲ್ಲರೂ ಹೇಳುತ್ತಾರೆಂದು ನಾನೂ ಹೇಳುವುದು, ನಿನ್ನೆ ಹೇಳಿದ್ದೇನೆಂದು ಇವತ್ತೂ ಅದನ್ನೇ ಹೇಳುವುದು, ಇವೆರಡೂ ಅವನಿಗೆ ಒಗ್ಗದವು. ಇದು ಬರೀ ಮಾತಲ್ಲ. ಬಾಸ್ಟನ್ನಿನ ಚರ್ಚೊಂದರಲ್ಲಿ ಪಾದ್ರಿಯಾಗಿದ್ದ ಅವನು, ಅಲ್ಲಿನ ಒಂದು ಧಾರ್ಮಿಕ ವಿಧಿಯನ್ನು ಮನಸ್ಸು ಒಪ್ಪದೆ ನಡೆಸಲಾರೆ ಎಂದು 1832ರಲ್ಲಿ ಹುದ್ದೆಯನ್ನೇ ಬಿಟ್ಟಿದ್ದ.

ಆದರೂ ತರಗತಿಗೆ ಎಮರ್ಸನ್‌ಗಿಂತ ಅವನ ಕಿರಿಯ ಗೆಳೆಯ ಥೋರೋ ಹೆಚ್ಚು ಒದಗುತ್ತಾನೆ. ಏಕೆಂದರೆ ಅವನು ನಮ್ಮ ಹಾಗೆ ಮೇಷ್ಟ್ರು. 1837ರಲ್ಲಿ ಹಾರ್ವರ್ಡ್‌ನಲ್ಲಿ ಓದು ಮುಗಿಸಿ ಊರಾದ ಕಾಂಕರ್ಡ್‌ನ ಸಾರ್ವಜನಿಕ ಶಾಲೆಗೆ ಸೇರಿದ. ಅದು ಅಮೆರಿಕದಲ್ಲಿ ಆರ್ಥಿಕ ಕುಸಿತದ ವರ್ಷ, ಕೆಲಸ ಸಿಗುವುದೇ ಕಷ್ಟ. ಸೇರಿ ಸುಮಾರು ಎರಡು ವಾರಕ್ಕೆ ಶಾಲಾ ಸಮಿತಿಯ ಸದಸ್ಯರೊಬ್ಬರು ತರಗತಿ ನೋಡಲು ಬಂದರು. ಮಕ್ಕಳಿಗೆ ಪೆಟ್ಟು ಕೊಡದಿದ್ದರೆ ಶಿಸ್ತು ಉಳಿಯದು, ಕೊಡಲೇಬೇಕು ಎಂದು ತಾಕೀತು ಮಾಡಿದರು. ಥೋರೋ ಕೆಲವು ಮಕ್ಕಳನ್ನು ಕರೆದು ಹೊಡೆದ. ಅದೇ ದಿನ ರಾಜೀನಾಮೆ ಕೊಟ್ಟ.

ಈ ಘಟನೆಯನ್ನು ವೀರಗಾಥೆಯಂತೆ ಹೇಳುವುದು ನನಗೆ ಒಪ್ಪಿಗೆಯಿಲ್ಲ. ಹೊಡೆಯುವುದು ತಪ್ಪೆಂದು ಗೊತ್ತಿದ್ದ ಮೇಷ್ಟ್ರು ಹೊಡೆದದ್ದೇಕೆ? ಸಮಿತಿಗೆ ಉತ್ತರವೋ, ಕೋಪವೋ? ಅವನ ಆತ್ಮಸಾಕ್ಷಿಯ ಲೆಕ್ಕ ಚುಕ್ತಾ ಆಯಿತು, ಆದರೆ ಪೆಟ್ಟು ತಿಂದವರು ಆ ಮಕ್ಕಳು. ವ್ಯಕ್ತಿವಾದದ ಬಲವೂ ಅದರ ಕುರುಡೂ ಇಲ್ಲಿ ಒಟ್ಟಿಗೇ ಕಾಣುತ್ತವೆ. ಮುಂದಿನ ವರ್ಷ ಅವನು ತಾನೇ ಶಾಲೆ ನಡೆಸತೊಡಗಿದ. ಅಣ್ಣ ಜಾನ್ ಜೊತೆಗೂಡಿದ. ಅಲ್ಲಿ ಪೆಟ್ಟಿರಲಿಲ್ಲ. ಮಕ್ಕಳನ್ನು ಹೊಲ, ಕಾಡು, ಹೊಳೆಗಳಿಗೆ ಕರೆದುಕೊಂಡು ಹೋಗುತ್ತಿದ್ದರು. ಜಾನ್‌ನ ಆರೋಗ್ಯ ಕೆಟ್ಟು 1841ರಲ್ಲಿ ಶಾಲೆ ಮುಚ್ಚಿತು.

ವಾಲ್ಡನ್ ಕೊಳದ ಕಥೆ ಎಲ್ಲರಿಗೂ ಗೊತ್ತು. 1845ರ ಜುಲೈ 4ರಿಂದ ಎರಡು ವರ್ಷ ಎರಡು ತಿಂಗಳು ಒಂಟಿ ವಾಸ, ಗುಡಿಸಲಿಗೆ 28 ಡಾಲರ್ ಹನ್ನೆರಡೂವರೆ ಸೆಂಟ್ ಖರ್ಚು. ನಮ್ಮ ಪಾಠಗಳಲ್ಲಿ ಬಿಟ್ಟುಹೋಗುವ ಸಂಗತಿಯೆಂದರೆ ಆ ಜಾಗ ಎಮರ್ಸನ್‌ನದು. ಗುಡಿಸಲಿನ ತೊಲೆ ಎತ್ತಿ ನಿಲ್ಲಿಸಲು ಗೆಳೆಯರು ಬಂದಿದ್ದರು. 1846ರಲ್ಲಿ ಗುಲಾಮಗಿರಿಯನ್ನು ಪೋಷಿಸುವ ಸರ್ಕಾರಕ್ಕೆ ತೆರಿಗೆ ಕೊಡೆನೆಂದು ಅವನು ಒಂದು ರಾತ್ರಿ ಜೈಲಿನಲ್ಲಿದ್ದಾಗಲೂ ತೆರಿಗೆಯನ್ನು ಬೇರೆ ಯಾರೋ ಕಟ್ಟಿ ಬಿಡಿಸಿದರು. ಇದರ ಫಲವಾಗಿ 1849ರಲ್ಲಿ ಪ್ರಕಟವಾದ ಪ್ರಬಂಧವನ್ನು ಗಾಂಧೀಜಿ 1907ರಲ್ಲಿ ದಕ್ಷಿಣ ಆಫ್ರಿಕದ ತಮ್ಮ ‘ಇಂಡಿಯನ್ ಒಪಿನಿಯನ್’ ಓದುಗರಿಗೆ ಪರಿಚಯಿಸಿದರು. (ಸತ್ಯಾಗ್ರಹ ಥೋರೋನಿಂದ ಬಂತೆಂದು ಮಾತ್ರ ಹೇಳಬೇಡಿ. ಜೋಹಾನ್ಸ್‌ಬರ್ಗ್‌ನ ಪ್ರತಿಜ್ಞೆ 1906ರಲ್ಲೇ ಆಗಿತ್ತು.)

ಹುಡುಗಿಯ ಪ್ರಶ್ನೆಗೆ ನೇರ ಉತ್ತರ ಸಿಗುವುದು ಫ್ರೆಡರಿಕ್ ಡಗ್ಲಾಸ್‌ನಲ್ಲಿ. ಮೇರಿಲ್ಯಾಂಡಿನಲ್ಲಿ ಗುಲಾಮನಾಗಿ ಹುಟ್ಟಿದ ಅವನಿಗೆ ಒಡತಿ ಅಕ್ಷರ ಕಲಿಸತೊಡಗಿದಾಗ ಒಡೆಯ ತಡೆದ. ಓದಲು ಕಲಿತವನು ಗುಲಾಮನಾಗಿ ಉಳಿಯುವುದಿಲ್ಲ ಎಂಬುದು ಅವನ ಭಯ. ಡಗ್ಲಾಸ್ ಬೀದಿಯ ಬಡ ಬಿಳಿಯ ಹುಡುಗರಿಗೆ ಬ್ರೆಡ್ ಕೊಟ್ಟು ಪಾಠ ಹೇಳಿಸಿಕೊಂಡ. 1838ರಲ್ಲಿ ತಪ್ಪಿಸಿಕೊಂಡ. ಅವನನ್ನು ಇನ್ನೊಬ್ಬನ ಸೊತ್ತು ಎಂದು ಕಾನೂನೇ ಹೇಳುತ್ತಿದ್ದಾಗ, ‘ನಾನು ನನ್ನವನು’ ಎನ್ನುವುದು ಸ್ವಾರ್ಥವಾಗುವುದು ಹೇಗೆ? ಸ್ವಂತ ಬಲದಿಂದ ಮೇಲೆ ಬಂದವರ ಬಗ್ಗೆ ಪ್ರಸಿದ್ಧ ಉಪನ್ಯಾಸ ಮಾಡಿದ್ದೂ ಅವನೇ. ನಿಜಾರ್ಥದಲ್ಲಿ ಹಾಗೆ ಯಾರೂ ಇಲ್ಲ, ಎಲ್ಲರೂ ಇತರರಿಗೆ ಋಣಿಗಳು ಎಂದು ಅಲ್ಲೇ ಒಪ್ಪಿಕೊಂಡಿದ್ದಾನೆ.

ಹಾಗೆಂದು ಹುಡುಗಿ ಪೂರ್ತಿ ತಪ್ಪು ಎನ್ನಲಾಗದು. 1928ರ ಚುನಾವಣೆಯಲ್ಲಿ ಹರ್ಬರ್ಟ್ ಹೂವರ್ ಇದೇ ವ್ಯಕ್ತಿವಾದವನ್ನು ಹೊಗಳಿ, ಸರ್ಕಾರ ಉದ್ಯಮಗಳಲ್ಲಿ ಕೈಹಾಕಬಾರದೆಂದು ವಾದಿಸಿದ. ಮರುವರ್ಷ ಷೇರುಪೇಟೆ ಕುಸಿದು ಲಕ್ಷಾಂತರ ಜನ ಕೆಲಸ ಕಳೆದುಕೊಂಡಾಗ ಆ ಮಾತು ಬಡವರ ಕಿವಿಗೆ ಬೇರೆಯೇ ಥರ ಕೇಳಿಸಿತು.

ಆದ್ದರಿಂದ ಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ: ಪೀಠಿಕೆಯಲ್ಲಿ ವ್ಯಾಖ್ಯೆ ಬರೆಯಬೇಡಿ. ಕಾಂಕರ್ಡ್ ಶಾಲೆಯ ಆ ದಿನವನ್ನು ಕಥೆಯಾಗಿ ಹೇಳಿ, ಸಮಿತಿಯವರು ಹೊರಗೆ ಹೋದಲ್ಲಿಗೆ ನಿಲ್ಲಿಸಿ. ಮೇಷ್ಟ್ರು ಏನು ಮಾಡಬೇಕಿತ್ತು ಎಂದು ಕೇಳಿ, ಐದು ನಿಮಿಷ ಬಿಡಿ. ಪೆಟ್ಟು ತಿಂದ ಮಗುವಿನ ಪರವಾಗಿ ಯಾರಾದರೂ ಮಾತಾಡಿದರೆ ಅದನ್ನು ಹಲಗೆಯ ಮೇಲೆ ಬರೆಯಿರಿ. ‘ವ್ಯಕ್ತಿವಾದ’ ಎಂಬ ಪದವನ್ನು ಅದಾದ ಮೇಲೆ ತಂದರೆ ಸಾಕು.